ಮಳೆಯಲ್ಲಿ ಹಾಯಿದೋಣಿ: ಮೈಗೆ ಏನು ಹಾಕಿಕೊಳ್ಳಲಿ?

ಮಾಟುಂಗಾದವಳು:
ಎಲ್ಲರಿಗೂ ನಮಸ್ಕಾರ. ಅಕ್ಟೋಬರ್ ಮೊದಲ ವಾರದಿಂದ ಮುಂಬೈಯ ಗಿರ್‌ಗಾಂವ್ ಚೌಪಾಟಿ ಕಡಲತೀರದಲ್ಲಿ ಸೇಲಿಂಗ್ ಕಲಿಯಲು ಸೇರುತ್ತಿದ್ದೇನೆ. ಇಬ್ಬರು ಕೂರುವ ಸಣ್ಣ ದೋಣಿ. ಮಗುಚಿ ಮತ್ತೆ ಎತ್ತುವುದೂ ಪಾಠವಂತೆ! ಆಗ ಮಳೆ ಇನ್ನೂ ಪೂರ್ತಿ ಹೋಗಿರುವುದಿಲ್ಲ ಅಲ್ವಾ. ಸ್ಕೂಟರ್ ರೇನ್‌ಕೋಟ್ ಇದೆ, ಜೀನ್ಸ್ ಮೇಲೆ ಅದೇ ಸಾಕು ಅನ್ನುತ್ತಾರೆ ನಮ್ಮ ಯಜಮಾನರು. ಅತ್ತೆ ಸ್ವೆಟರ್ ತೆಗೆದಿಟ್ಟಿದ್ದಾರೆ. ನನಗೆ ತೊಡೆ ಉಜ್ಜಿ ಉರಿಯುವ ತೊಂದರೆ ಬೇರೆ. ದುಬಾರಿ ಜಾಕೆಟ್ ಕೊಳ್ಳಲೇಬೇಕಾ?

ವಾಸ್ಕೊ ಭಟ್:
ಅಕ್ಕಾ, ಜೀನ್ಸ್ ಮನೆಯಲ್ಲೇ ಇರಲಿ. ನೆಂದ ಜೀನ್ಸ್‌ನಲ್ಲಿ ಮಗುಚಿದ ದೋಣಿ ಹತ್ತಲು ಕಾಲೇ ಏಳುವುದಿಲ್ಲ. ಸ್ಕೂಟರ್ ರೇನ್‌ಕೋಟೂ ಬೇಡ. ಪಿವಿಸಿ ಒಳಗಿನ ಬೆವರಿಗೇ ನೀವು ತೊಯ್ದುಹೋಗುತ್ತೀರಿ. ಉದ್ದ ಕೋಟು, ತಲೆಯಿಂದ ಇಳಿಬಿಡುವ ಪಾಂಚೋ ಗಾಳಿಗೆ ಹಾರಿ ಹಗ್ಗಕ್ಕೆ ಸಿಕ್ಕಿಕೊಳ್ಳುತ್ತವೆ.

ನಮ್ಮ ಕಡೆ ಕಡಲ ನೀರು ಆಗ ಸುಮಾರು 28 ಡಿಗ್ರಿ ಇರುತ್ತದೆ. ನೀರಿಗೆ ಬಿದ್ದರೆ ಚಳಿ ಇಲ್ಲ, ಮೇಲೆ ಬಂದಾಗ ಇದೆ. ಒದ್ದೆ ಬಟ್ಟೆಗೆ ಗಾಳಿ ಬಡಿದು ನೀರು ಆರುತ್ತಾ ಮೈಯ ಬಿಸಿ ಎಳೆದುಕೊಳ್ಳುತ್ತದೆ. ಆದ್ದರಿಂದ ಬೇಗ ಒಣಗುವುದನ್ನು ಹಾಕಿಕೊಳ್ಳಿ. ಮೈಗಂಟುವ ತುಂಬು ತೋಳಿನ ಲೈಕ್ರಾ ಅಂಗಿ, ಅಂಗಡಿಯಲ್ಲಿ ರಾಶ್ ಗಾರ್ಡ್ ಅಂದರೆ ಕೊಡುತ್ತಾರೆ. ಬಿಸಿಲಿಗೂ ಆಯಿತು. ಮೇಲೆ ಸೊಂಟದವರೆಗಿನ ತೆಳು ವಿಂಡ್‌ಚೀಟರ್, ಕಿತ್ತಳೆ ಅಥವಾ ಹಳದಿ ಬಣ್ಣದ್ದು. ನೀಲಿ, ಬಿಳಿ ಬಣ್ಣದ್ದಾದರೆ ಅಲೆಗಳ ನಡುವೆ ಕಾಣುವುದಿಲ್ಲ. ಲೈಫ್ ಜಾಕೆಟ್ ಎಲ್ಲದರ ಮೇಲೆ.

ತೊಡೆಗೆ ಹೊಲಿಗೆ ತಾಗದ, ಮೊಣಕಾಲವರೆಗಿನ ಬಿಗಿ ಚಡ್ಡಿ, ಒಳಗೆ ಸ್ವಲ್ಪ ವ್ಯಾಸಲೀನ್. ಉರಿಗೆ ಅರ್ಧ ಕಾರಣ ಉಪ್ಪು. ಒಣಗಿದ ಉಪ್ಪು ಗಾಳಿಯ ತೇವ ಹೀರುತ್ತದೆ. ಕಡಲ ನೀರಲ್ಲಿ ನೆಂದದ್ದನ್ನು ಹಾಗೇ ಹರವಿದರೆ ಮಾರನೇ ದಿನವೂ ಜಿಗುಟು. ದಡಕ್ಕೆ ಬಂದ ಕೂಡಲೇ ನಲ್ಲಿ ನೀರಲ್ಲಿ ಚೆನ್ನಾಗಿ ಜಾಲಿಸಿ. ಎಷ್ಟೋ ಜನ ಸುಮ್ನೆ ಹೊಸ ಬಟ್ಟೆಗೆ ದುಡ್ಡು ಸುರಿಯುತ್ತಾರೆ, ಇದೊಂದನ್ನು ಮಾಡುವುದಿಲ್ಲ.

ಪುಣೆ ಪಾಟೀಲ:
ಭಟ್ಟರು ಹೇಳಿದ್ದು ಕಡಲಿಗೆ ಸರಿ. ಡಿಸೆಂಬರ್‌ನಲ್ಲಿ ಬೆಳಿಗ್ಗೆ ನಮ್ಮ ಖಡಕ್‌ವಾಸ್ಲಾ ಜಲಾಶಯದ ನೀರಿಗಿಳಿದರೆ ಅತ್ತೆಯವರ ಮಾತು ನೆನಪಾಗುತ್ತದೆ ನೋಡ್ರಿ! ಆದರೆ ದಪ್ಪ ಸ್ವೆಟರ್ ಬ್ಯಾಡ. ತೆಳು ಉಣ್ಣೆ ಇಲ್ಲವೇ ಫ್ಲೀಸ್, ಅಂದರೆ ಉಣ್ಣೆಯಂಥ ಸಿಂಥೆಟಿಕ್ ಬಟ್ಟೆ. ಉಣ್ಣೆ ಒದ್ದೆಯಾದರೂ ಒಂದಿಷ್ಟು ಬೆಚ್ಚಗಿಡುತ್ತದೆ. ಬರಿಗಾಲು, ಗಮ್‌ಬೂಟು ಎರಡೂ ಬ್ಯಾಡ. ನೀರು ಸೋರಿಹೋಗುವ, ಜಾರದ ಶೂ ಇರಲಿ. ಗುಡುಗು ಕೇಳಿದರೆ ದಡಕ್ಕೆ ಬನ್ನಿ, ದೋಣಿಯ ಕಂಬ ಅಲ್ಯುಮಿನಿಯಂದು.

ಮಾಟುಂಗಾದವಳು:
ಥ್ಯಾಂಕ್ಸ್ ಇಬ್ಬರಿಗೂ. ಭಟ್ಟರೇ, ನೀರು ಒಳಗೆ ಬಿಡದ ಗೋರ್‌ಟೆಕ್ಸ್ ಬಟ್ಟೆಯ ಜಾಕೆಟ್ ಆದರೆ ಬೆವರು ಹೊರಗೆ ಹೋಗುತ್ತದಂತಲ್ಲ?

ವಾಸ್ಕೊ ಭಟ್:
ಹೋಗುತ್ತದೆ, ಹೊರಗಿನ ಗಾಳಿ ಒಣಗಿದ್ದರೆ. ಮುಂಬೈಯಲ್ಲಿ ಆಗ ಹೊರಗೂ ಹೆಚ್ಚುಕಡಿಮೆ ಅಷ್ಟೇ ತೇವ, ಆವಿ ಎಲ್ಲಿಗೆ ಹೋಗಬೇಕು? ಆ ದುಡ್ಡಲ್ಲಿ ಒಂದು ಜೊತೆ ಸೇಲಿಂಗ್ ಗ್ಲೌಸ್ ತಗೊಳ್ಳಿ. ಹಾಯಿಯ ಹಗ್ಗ ಎಳೆದೆಳೆದು ನೆಂದ ಅಂಗೈ ಸುಲಿಯುತ್ತದೆ. ಬೆರಳ ತುದಿ ತೆರೆದಿರುವುದೇ ಇರಲಿ, ಗಂಟು ಬಿಚ್ಚಲು ಬೇಕಾಗುತ್ತದೆ.