‘ಹಿಸ್ಟಾರಿಕ್’ ಮತ್ತು ‘ಹಿಸ್ಟಾರಿಕಲ್’: ಎಲ್ಲಿ ಯಾವುದು?

ಪ್ರಶ್ನೆ: ಪ್ರೌಢಶಾಲಾ ಶಿಕ್ಷಕಿ, ಮಡಿಕೇರಿ

ಮಕ್ಕಳನ್ನು ಕಕ್ಕಬ್ಬೆಯ ನಾಲ್ಕುನಾಡು ಅರಮನೆಗೆ ಕರೆದೊಯ್ಯುವ ಮುನ್ನ ಅವರಿಗೆ ಹಂಚಲು ಇಂಗ್ಲಿಷ್‌ನಲ್ಲಿ ಒಂದು ಪುಟದ ಪರಿಚಯ ಬರೆಯುತ್ತಿದ್ದೇನೆ. ದೊಡ್ಡವೀರರಾಜೇಂದ್ರ ಕಟ್ಟಿಸಿದ ಆ ಅರಮನೆಯನ್ನು ‘ಹಿಸ್ಟಾರಿಕ್’ ಎನ್ನಬೇಕೋ ‘ಹಿಸ್ಟಾರಿಕಲ್’ ಎನ್ನಬೇಕೋ? ಕನ್ನಡದಲ್ಲಿ ಎರಡಕ್ಕೂ ‘ಐತಿಹಾಸಿಕ’ ಎಂದೇ ಬರೆಯುವುದರಿಂದ ಮಕ್ಕಳಿಗೆ ವ್ಯತ್ಯಾಸವನ್ನು ವಿವರಿಸುವುದು ಕಷ್ಟವಾಗಿದೆ. ತಿಳಿದವರು ದಯವಿಟ್ಟು ತಿಳಿಸಿ.

ಉತ್ತರ: ನಿವೃತ್ತ ಇಂಗ್ಲಿಷ್ ಉಪನ್ಯಾಸಕ, ವಿರಾಜಪೇಟೆ

ಮೇಡಂ, ಇತಿಹಾಸದಲ್ಲಿ ಮಹತ್ವ ಪಡೆದದ್ದು ‘ಹಿಸ್ಟಾರಿಕ್’. ಗತಕಾಲಕ್ಕೆ ಅಥವಾ ಇತಿಹಾಸದ ಅಧ್ಯಯನಕ್ಕೆ ಸಂಬಂಧಿಸಿದ್ದೆಲ್ಲವೂ, ಅದು ಎಷ್ಟೇ ಸಾಮಾನ್ಯವಾಗಿದ್ದರೂ, ‘ಹಿಸ್ಟಾರಿಕಲ್’. ಅಲ್ಲಿಯವರೆಗೆ ‘ಸಿ’ ವರ್ಗದ ಪ್ರತ್ಯೇಕ ರಾಜ್ಯವಾಗಿದ್ದ ಕೊಡಗು 1956ರ ನವೆಂಬರ್ 1ರಂದು ಮೈಸೂರು ರಾಜ್ಯದಲ್ಲಿ ವಿಲೀನಗೊಂಡದ್ದು ‘ಹಿಸ್ಟಾರಿಕ್’ ಘಟನೆ. ಆ ವಿಲೀನದ ಕಡತಗಳು ಮಾತ್ರವಲ್ಲ, ಅದೇ ದಿನ ಮಡಿಕೇರಿಯ ಯಾವುದೋ ಅಂಗಡಿಯಲ್ಲಿ ಬರೆದಿಟ್ಟ ಲೆಕ್ಕದ ಪುಸ್ತಕ ಇಂದು ಸಿಕ್ಕರೆ ಅದೂ ‘ಹಿಸ್ಟಾರಿಕಲ್’ ದಾಖಲೆಯೇ. ಹೀಗಾಗಿ ನಿಮ್ಮ ಅರಮನೆಗೆ ‘ಹಿಸ್ಟಾರಿಕ್’ ಒಪ್ಪುತ್ತದೆ, ಅದರ ಕುರಿತ ಸಂಶೋಧನೆಗೆ ‘ಹಿಸ್ಟಾರಿಕಲ್’. ಅರಮನೆಯ ಕಾಲವನ್ನು ವಸ್ತುವಾಗಿಸಿಕೊಂಡ ಕಾದಂಬರಿಯನ್ನೂ ‘ಹಿಸ್ಟಾರಿಕಲ್’ ಎನ್ನಬೇಕು. ‘ಹಿಸ್ಟಾರಿಕ್’ ಎಂದರೆ ಆ ಕೃತಿಯೇ ಸಾಹಿತ್ಯ ಚರಿತ್ರೆಯಲ್ಲಿ ಹೊಸ ದಾರಿ ತೆರೆಯಿತು ಎಂಬ ಅರ್ಥ ಬರುತ್ತದೆ.

ಉತ್ತರ: ಕಾಫಿ ಬೆಳೆಗಾರ, ಸೋಮವಾರಪೇಟೆ

ನಮಗೆ ಈ ವ್ಯತ್ಯಾಸ ಮಾರುಕಟ್ಟೆ ವರದಿಗಳಲ್ಲಿ ಎದುರಾಗುತ್ತದೆ. ರೊಬಸ್ಟಾದ ‘ಹಿಸ್ಟಾರಿಕಲ್ ಪ್ರೈಸಸ್’ ಎಂದಿದ್ದರೆ ಅದು ಹಿಂದಿನ ವರ್ಷಗಳ ಬೆಲೆ, ಏರಿದ್ದಿರಲಿ ಕುಸಿದದ್ದಿರಲಿ. ‘ಹಿಸ್ಟಾರಿಕ್ ಹೈ’ ಎಂದಿದ್ದರೆ ಮಾತ್ರ ಹಿಂದೆಂದೂ ಕಾಣದ ಏರಿಕೆ. ಮಾರುವ ನಿರ್ಧಾರವೇ ಆ ಓದಿನ ಮೇಲೆ ನಿಂತಿರುವಾಗ ಇದನ್ನು ಬರಿಯ ವ್ಯಾಕರಣದ ಸೂಕ್ಷ್ಮವೆಂದು ಬಿಡಲಾಗದು.

ಮರುಪ್ರಶ್ನೆ: ಶಿಕ್ಷಕಿ

ಇಬ್ಬರಿಗೂ ಧನ್ಯವಾದಗಳು. ಈ ಪದಗಳ ಹಿಂದೆ ‘ಎ’ ಬರಬೇಕೋ ‘ಆ್ಯನ್’ ಬರಬೇಕೋ? ಈ ನಿಯಮಕ್ಕೆ ಅಪವಾದಗಳೂ ಇವೆಯೇ?

ಉತ್ತರ: ಉಪನ್ಯಾಸಕ

ಹಕಾರವನ್ನು ಸ್ಪಷ್ಟವಾಗಿ ಉಚ್ಚರಿಸುವುದರಿಂದ ‘ಎ ಹಿಸ್ಟಾರಿಕ್’ ಎಂದೇ ಕಲಿಸಿ. ‘ಆ್ಯನ್’ ಬಳಸುವವರು ಇಂದಿಗೂ ಇದ್ದಾರೆ, ಆದರೆ ಮಕ್ಕಳಿಗೆ ಅದರ ಅಗತ್ಯವಿಲ್ಲ. ಅಪವಾದಗಳೂ ಇವೆ. ನಡೆದುಹೋದದ್ದನ್ನು ವರ್ತಮಾನ ಕಾಲದಲ್ಲಿ ನಿರೂಪಿಸುವ ಕ್ರಮವನ್ನು ವ್ಯಾಕರಣಕಾರರು ‘ಹಿಸ್ಟಾರಿಕ್ ಪ್ರೆಸೆಂಟ್’ ಎನ್ನುತ್ತಾರೆ, ‘ಹಿಸ್ಟಾರಿಕಲ್ ಪ್ರೆಸೆಂಟ್’ ಎಂದೂ ಬರೆಯುತ್ತಾರೆ. ಆಸ್ತಿಯ ಮೂಲ ಖರೀದಿ ಬೆಲೆಗೂ ಲೆಕ್ಕಪತ್ರದವರು ಎರಡು ರೂಪಗಳನ್ನೂ ಬಳಸುತ್ತಾರೆ. ಮಕ್ಕಳಿಗೆ ಹೇಳುವಾಗ, ಜಾತ್ರೆಯ ಆಮಂತ್ರಣದಲ್ಲಿ ಬರೆಯುವ ‘ಇತಿಹಾಸ ಪ್ರಸಿದ್ಧ’ ಎಂಬ ಮಾತು ಆ ಕಟ್ಟಡಕ್ಕೆ ಹೊಂದುತ್ತದೆಯೇ ಎಂದು ಕೇಳಿನೋಡಿ. ಹೊಂದಿದರೆ ‘ಹಿಸ್ಟಾರಿಕ್’ ಎಂದು ಧೈರ್ಯವಾಗಿ ಬರೆಯಬಹುದು.