ಸಹಾಯ ಬೇಕು: ಅರ್ಧ ಎಕರೆ ಪಾಲಿಹೌಸ್‌ಗೆ ಡ್ರಿಪ್ ಹೇಗೆ ಹಾಕಲಿ?

ಎಲ್ಲರಿಗೂ ನಮಸ್ಕಾರ. ದೊಡ್ಡಬಳ್ಳಾಪುರದ ಹತ್ತಿರ 50 ಮೀಟರ್ ಉದ್ದ, 40 ಮೀಟರ್ ಅಗಲದ ಪಾಲಿಹೌಸ್ (ಪ್ಲಾಸ್ಟಿಕ್ ಹಾಳೆ ಹೊದಿಸಿದ ಹಸಿರುಮನೆ) ಕಟ್ಟಿಸಿದ್ದೇವೆ. ಬಣ್ಣದ ದೊಣ್ಣೆ ಮೆಣಸಿನಕಾಯಿ ಹಾಕುವ ಯೋಚನೆ ಇದೆ.

40 ಮೀಟರ್ ಉದ್ದದ 33 ಮಡಿಗಳು ಬರುತ್ತವೆ. ಮಡಿಗೆ ಎರಡು ಲ್ಯಾಟರಲ್ (ಮಡಿಯುದ್ದಕ್ಕೂ ಹಾಸುವ ಸಣ್ಣ ಡ್ರಿಪ್ ಪೈಪ್), 30 ಸೆಂಟಿಮೀಟರ್‌ಗೊಂದು ಡ್ರಿಪ್ಪರ್, ಗಂಟೆಗೆ 2 ಲೀಟರ್. ಅಂದರೆ ಸುಮಾರು 8,800 ಡ್ರಿಪ್ಪರ್, ಒಟ್ಟಿಗೆ ಬಿಟ್ಟರೆ ಗಂಟೆಗೆ 17,600 ಲೀಟರ್ ಬೇಕು. ನಮ್ಮ ಬೋರ್‌ನಲ್ಲಿ ಬರೋದು 6,000 ಲೀಟರ್ ಅಷ್ಟೇ. 11 ಮಡಿಗಳ ಮೂರು ಭಾಗ ಮಾಡಿ ವಾಲ್ವ್ ಹಾಕಿದರೆ ಲೆಕ್ಕ ಸರಿಹೋಗುತ್ತದೆ, ಆದರೆ ತೀರಾ ಬಿಗಿ. ಬೇಸಿಗೆಯಲ್ಲಿ ಬೋರ್ ಇಳಿದರೆ? ನಾಲ್ಕು ಭಾಗ ಮಾಡೋದೇ ಒಳ್ಳೇದಲ್ವಾ?

ನನಗೆ ಜಾಸ್ತಿ ಭಯ ಇರುವುದು ನೀರಿನ ಬಗ್ಗೆ. ತುಂಬಾ ಗಡಸು. ಬಕೆಟ್ ಒಣಗಿದರೆ ಅಂಚಿನಲ್ಲಿ ಬಿಳಿ ಪೊರೆ ಕೂರುತ್ತದೆ, ಉಗುರಿನಿಂದ ಕೆರೆದರೂ ಬಿಡೋದಿಲ್ಲ. ಅದೇ ಡ್ರಿಪ್ಪರ್ ಒಳಗೆ ಕೂತರೆ ಗಿಡಗಳ ಗತಿ ಏನು? ಆಸಿಡ್ ಬಿಟ್ಟು ತೊಳೆಯುವವರು ಎಷ್ಟು ದಿನಕ್ಕೊಮ್ಮೆ, ಯಾವ ಪಿಎಚ್‌ಗೆ ಇಳಿಸಿ ಬಿಡುತ್ತೀರಿ? ಮರಳಿನ ಫಿಲ್ಟರ್ ಜೊತೆ ಡಿಸ್ಕ್ ಫಿಲ್ಟರ್ (ಒತ್ತಾಗಿ ಜೋಡಿಸಿದ ಬಿಲ್ಲೆಗಳ ಸಂದಿಯಲ್ಲಿ ನೀರು ಸೋಸುವಂಥದ್ದು) ಕೂಡ ಬೇಕಾ?

ಚಾವಣಿಯ ಮಳೆನೀರನ್ನು ಹೊಂಡಕ್ಕೆ ಇಳಿಸಿ ಬೋರ್ ನೀರಿಗೆ ಬೆರೆಸುವ ಆಸೆಯೂ ಇದೆ. 1 ಮಿಲಿಮೀಟರ್ ಮಳೆಗೆ 2,000 ಲೀಟರ್ ಬೀಳುತ್ತದೆ, ಸುಮ್ನೆ ಚರಂಡಿಗೆ ಬಿಡೋಕೆ ಮನಸ್ಸಾಗೋದಿಲ್ಲ.

ಗೊಬ್ಬರಕ್ಕೆ ವೆಂಚುರಿ (ಪೈಪಿನ ನೀರಿನ ಹರಿವಿನಿಂದಲೇ ಗೊಬ್ಬರದ ದ್ರಾವಣ ಎಳೆದುಕೊಳ್ಳುವ ಸಾಧನ) ಸಾಕು ಅಂತಾರೆ. ಆದರೆ ಅದು ನೀರಿನ ಒತ್ತಡ ತಿನ್ನುತ್ತದೆ. ಡೋಸಿಂಗ್ ಪಂಪ್ (ಗೊಬ್ಬರವನ್ನು ಅಳತೆ ಮಾಡಿ ಪೈಪಿಗೆ ತಳ್ಳುವ ಪಂಪ್) ಹಾಕಿದವರು ಇದ್ದರೆ ದಯವಿಟ್ಟು ಅನುಭವ ಹೇಳಿ. ಪೈಪ್ ಆರ್ಡರ್ ಇನ್ನೂ ಕೊಟ್ಟಿಲ್ಲ. ಹತ್ತಿರದಲ್ಲಿ ಯಾರದ್ದಾದರೂ ಪಾಲಿಹೌಸ್ ಇದ್ದರೆ ಬಂದು ನೋಡಿಕೊಂಡು ಹೋಗುತ್ತೇನೆ.