ದೊಡ್ಡಮ್ಮನ ಚಿತ್ರಗಳ ಜಾಲತಾಣ: ಮನೆಯ ಗುಂಪಿನ ಚರ್ಚೆ

ಅಣ್ಣ: ದೊಡ್ಡಮ್ಮನ ಮೈಸೂರು ಸಾಂಪ್ರದಾಯಿಕ ಚಿತ್ರಗಳಿಗಾಗಿ ಸಿದ್ಧಪಡಿಸಿದ ಜಾಲತಾಣದ ಕರಡು ಕೊಂಡಿಯನ್ನು ಮೇಲೆ ಹಾಕಿದ್ದೇನೆ. ತೆರೆದ ಕೂಡಲೇ ಚಿತ್ರಗಳು ಒಂದರ ಹಿಂದೆ ಒಂದು ತಾವಾಗಿಯೇ ಸರಿಯುತ್ತವೆ, ಹಿನ್ನೆಲೆಯಲ್ಲಿ ವೀಣೆ ಕೇಳಿಸುತ್ತದೆ. ಎಲ್ಲರೂ ನೋಡಿ ಅಭಿಪ್ರಾಯ ತಿಳಿಸಿ.

ನಾನು: ಅಣ್ಣ, ನಿನ್ನ ಶ್ರಮ ಕಾಣುತ್ತದೆ, ಆದರೆ ಮೊದಲ ಪುಟವನ್ನು ನಾನು ಒಪ್ಪಲಾರೆ. ತಂಜಾವೂರು ಚಿತ್ರಗಳ ಉಬ್ಬು ದಪ್ಪ, ಕಲ್ಲುಗಳ ಸಮೇತ ದೂರದಿಂದಲೇ ಎದ್ದು ಕಾಣುತ್ತದೆ; ಮೈಸೂರು ಶೈಲಿಯಲ್ಲಿ ಗೆಸ್ಸೊ ಕೆಲಸ, ಅಂದರೆ ಬಿಳಿ ಪುಡಿಗೆ ಅಂಟು ಕಲಸಿ ಎಬ್ಬಿಸುವ ಉಬ್ಬು, ತೀರ ತೆಳುವಾಗಿರುವುದರಿಂದ, ಅದರ ಮೇಲೆ ಕೂರಿಸಿದ ಚಿನ್ನದ ರೇಕಿನ ಕುಸುರಿ ಬೆಳಕು ಓರೆಯಾಗಿ ಬಿದ್ದಾಗ ಮಾತ್ರ ಬಿಡಿಸಿಕೊಂಡು ಕಾಣುತ್ತದೆ. ನೀನು ಎದುರಿನಿಂದ ಫ್ಲ್ಯಾಶ್ ಹಾಕಿ ತೆಗೆದ ಫೋಟೊದಲ್ಲಿ ರಾಜರಾಜೇಶ್ವರಿಯ ಕಿರೀಟ ಬರೀ ಬಿಳಿ ಮಚ್ಚೆಯಾಗಿದೆ. ಸೀರೆಯ ಅಂಚಿನಲ್ಲಿ ದೊಡ್ಡಮ್ಮ ಎಳೆ ಎಳೆಯಾಗಿ ಎಬ್ಬಿಸಿದ ಬಳ್ಳಿಯಂತೂ ಅಳಿಸಿಯೇ ಹೋಗಿದೆ. ಪ್ರತಿ ಚಿತ್ರವೂ ನಿಂತಲ್ಲೇ ನಿಲ್ಲಲಿ. ಪೂರ್ಣ ಚಿತ್ರದ ಕೆಳಗೆ ಪಕ್ಕದ ಬೆಳಕಿನಲ್ಲಿ ತೆಗೆದ ಒಂದು ಸಮೀಪದ ಫೋಟೊ ಇರಲಿ, ಅಳತೆ, ವರ್ಷ, ಮಾಧ್ಯಮ ನಮೂದಾಗಲಿ. ಪರಿಚಯದ ಬರಹವನ್ನು ಫೋಟೊ ಆಗಿ ಅಂಟಿಸಿದರೆ ಹುಡುಕಿದವರಿಗೆ ಸಿಗುವುದು ಕಷ್ಟ, ಅದನ್ನು ಯೂನಿಕೋಡ್‌ನಲ್ಲಿ ಟೈಪ್ ಮಾಡು.

ಚಿಕ್ಕಪ್ಪ: ಇವೆಲ್ಲ ಸರಿ, ಆದರೆ ಚಿತ್ರಗಳ ಮೇಲೆ ಹೆಸರಿನ ವಾಟರ್‌ಮಾರ್ಕ್ ಇನ್ನೂ ದಪ್ಪವಾಗಿ ಬರಬೇಕು. ಅತ್ತಿಗೆಯ ಗಣಪತಿಯನ್ನು ಒಬ್ಬರು ಹೇಳದೆ ಕೇಳದೆ ಕ್ಯಾಲೆಂಡರಿಗೆ ಅಚ್ಚು ಹಾಕಿಸಿದ್ದನ್ನು ಮರೆತಿರಾ?

ನಾನು: ಮರೆತಿಲ್ಲ ಚಿಕ್ಕಪ್ಪ. ಆದರೆ ದೇವಿಯ ಮುಖದ ಮೇಲೆ ಅಡ್ಡಲಾಗಿ ಅಕ್ಷರ ಬರೆದರೆ, ಕದಿಯುವವನಿಗಿಂತ ಮೊದಲು ಚಿತ್ರ ಕೊಳ್ಳಲು ಬಂದವರೇ ಹಿಂದಿರುಗುತ್ತಾರೆ. ಉದ್ದದ ಬದಿ 1600 ಪಿಕ್ಸೆಲ್ ಇರುವ ಪ್ರತಿಯನ್ನೇ ಹಾಕಿದರೆ ಪರದೆಗೆ ಸಾಕು. 300 ಡಿಪಿಐ (ಇಂಚಿಗೆ 300 ಚುಕ್ಕಿ) ಗುಣಮಟ್ಟದಲ್ಲಿ ಅಚ್ಚು ಹಾಕಿದರೆ ಅದು ಸುಮಾರು 13.5 ಸೆಂಟಿಮೀಟರ್ ಮಾತ್ರ ಬರುತ್ತದೆ.

ಚಿಕ್ಕಪ್ಪ: ಗುಣಮಟ್ಟ ನೋಡದ ಕ್ಯಾಲೆಂಡರಿನವರಿಗೆ ಅಷ್ಟೇ ಧಾರಾಳವಾಯಿತಲ್ಲ! ಕನಿಷ್ಠ ಮೂಲೆಯಲ್ಲಾದರೂ ಹೆಸರು ಇರಲಿ.

ನಾನು: ಮೂಲೆಯಲ್ಲಿ ಚಿಕ್ಕದಾಗಿ ಇರುವುದಾದರೆ ನನ್ನ ತಕರಾರಿಲ್ಲ.

ಅತ್ತೆ: ವಕೀಲಳಾಗಿ ಒಂದು ಮಾತು ಹೇಳಲೇಬೇಕು. ಅತ್ತಿಗೆ ತಾವಾಗಿ ಬರೆದು ಮಾರಿದ ಚಿತ್ರದ ಕೃತಿಸ್ವಾಮ್ಯ, ಬರಹದಲ್ಲಿ ಬಿಟ್ಟುಕೊಡದ ಹೊರತು, ಅವರಲ್ಲೇ ಉಳಿಯುತ್ತದೆ. ಆದರೆ ಯಾರಾದರೂ ಹೇಳಿ, ಹಣ ಕೊಟ್ಟು ಬರೆಸಿಕೊಂಡ ಚಿತ್ರದ ವಿಷಯದಲ್ಲಿ, ಬೇರೆ ಒಪ್ಪಂದ ಇಲ್ಲದಿದ್ದರೆ, 1957ರ ಕೃತಿಸ್ವಾಮ್ಯ ಕಾಯಿದೆಯ 17ನೇ ಕಲಮಿನಂತೆ ಬರೆಸಿದವರೇ ಮೊದಲ ಹಕ್ಕುದಾರರು. ಕರಡಿನಲ್ಲಿರುವ ಪಟ್ಟಾಭಿಷೇಕ ಹಾಗೆ ಬರೆಸಿದ್ದಲ್ಲವೇ? ಕಳ್ಳರ ಬಗ್ಗೆ ಇಷ್ಟು ಮಾತನಾಡುವ ನಾವು ಅವರ ಒಪ್ಪಿಗೆ ಕೇಳದೆ ಹಾಕುವುದು ನ್ಯಾಯವಲ್ಲ.

ಅಣ್ಣ: ಇದು ನನಗೆ ಹೊಳೆದೇ ಇರಲಿಲ್ಲ ಅತ್ತೆ, ಈಗಲೇ ತೆಗೆಯುತ್ತೇನೆ. ಆದರೆ ಮೊದಲ ಪುಟದಲ್ಲಿ ಏನೂ ಚಲಿಸದಿದ್ದರೆ ಜನ ಒಂದು ಕ್ಷಣವೂ ನಿಲ್ಲುವುದಿಲ್ಲವೆಂಬ ಅಳುಕು ನನಗೆ ಇದ್ದೇ ಇದೆ.

ದೊಡ್ಡಮ್ಮ: ಎಲ್ಲವನ್ನೂ ಓದಿದೆ. ವೀಣೆ ಬೇಡಪ್ಪ, ಚಿತ್ರ ನೋಡುವವರು ನಿಧಾನವಾಗಿ ನೋಡಲಿ. ಮೊದಲ ಪುಟಕ್ಕೆ ಸರಸ್ವತಿ ಒಂದೇ ಸಾಕು, ಅದು ಯಾರೂ ಹೇಳಿ ಬರೆಸಿದ್ದಲ್ಲ. ಭಾನುವಾರ ಬೆಳಿಗ್ಗೆ ಬಾ, ಗಾಜಿನ ಚೌಕಟ್ಟು ಬಿಚ್ಚಿಸಿಡುತ್ತೇನೆ, ಪೂರ್ವದ ಕಿಟಕಿಯ ಬಳಿ ಇಟ್ಟು ಫೋಟೊ ತೆಗೆಯೋಣ. ಪಟ್ಟಾಭಿಷೇಕ ಬರೆಸಿದವರಿಗೆ ನಾನೇ ಪತ್ರ ಬರೆಯುತ್ತೇನೆ, ಅವರು ಒಪ್ಪಿದ ಮೇಲೆ ಹಾಕಿದರಾಯಿತು.